ಮೇಕೆಯ ಹಾಲು ಅರ್ಧಕ್ಕೆ ಇಳಿದಿದೆ, ಕೆಚ್ಚಲಿನ ಒಂದು ಕಡೆ ಗಟ್ಟಿಯಾಗಿದೆ – ಏನು ಮಾಡಲಿ?

ಪಾವಗಡದ ಮೇಕೆಮನೆ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಓದುತ್ತಿದ್ದೇನೆ, ತಂಗಿ ಪಿಯುಸಿ. ಇಬ್ಬರೂ ಸೇರಿ ಹಾಲಿಗೆ ಅಂತ ಮೂರು ಬೀಟಲ್ ಮೇಕೆ ಸಾಕುತ್ತಿದ್ದೇವೆ. ಅದರಲ್ಲಿ ದೊಡ್ಡದು ಈದು ತಿಂಗಳಾಗುತ್ತಾ ಬಂತು. ಎರಡನೇ ಸೂಲು, ಎರಡು ಮರಿ. ಮರಿಗಳು ಕುಡಿದ ಮೇಲೂ ದಿನಕ್ಕೆ ಲೀಟರ್ ಹತ್ತಿರ ಹಾಲು ಸಿಗುತ್ತಿತ್ತು. ಮೊನ್ನೆಯಿಂದ ಅರ್ಧಕ್ಕೆ ಇಳಿದಿದೆ. ಕೆಚ್ಚಲಿನ ಎಡಗಡೆ ಗಟ್ಟಿ, ಮುಟ್ಟಿದರೆ ಬಿಸಿ, ಕೈ ಹಾಕಿದರೆ ಒದೆಯುತ್ತದೆ. ಆ ಕಡೆಯ ಹಾಲು ಒಡೆದ ಹಾಲಿನ ಹಾಗೆ ಚೂರು ಚೂರಾಗಿ ಬರುತ್ತಿದೆ. ಮೇವು ತಿನ್ನುತ್ತಿದೆ, ಆದರೆ ಮೊದಲಿನ ಚುರುಕಿಲ್ಲ.

ಪಕ್ಕದ ಮನೆಯವರು ದೃಷ್ಟಿ ಆಗಿದೆ ಅನ್ನುತ್ತಾರೆ. ಮಾವ ಹೇಳುತ್ತಾರೆ, ಹಿಂಡಿ ಸಾಲದು, ಜೋಳದ ನುಚ್ಚು ಜಾಸ್ತಿ ಹಾಕು ಅಂತ. ಔಷಧಿ ಅಂಗಡಿಯಲ್ಲಿ ಹಸುವಿಗೆ ಹಾಕುವ ಟ್ಯೂಬ್ ಕೊಡುತ್ತೇವೆ ಅಂದರು. ಯಾವುದನ್ನು ಕೇಳಲಿ?

ಚಳ್ಳಕೆರೆ ಅಕ್ಕ

ತಮ್ಮ, ನುಚ್ಚು ಬೇಡವೇ ಬೇಡ. ಇದು ಮೇವಿನ ಕೊರತೆ ಅಲ್ಲ. ಮೇವು ಸಾಲದಿದ್ದರೆ ಎರಡೂ ಕಡೆ ಹಾಲು ಒಂದೇ ರೀತಿ ಇಳಿಯುತ್ತದೆ, ಒಂದೇ ಕಡೆ ಗಟ್ಟಿಯಾಗುವುದಿಲ್ಲ. ನೀನು ಹೇಳುತ್ತಿರುವುದು ಕೆಚ್ಚಲು ಬಾವು. ಇಂಥ ಹೊತ್ತಿನಲ್ಲಿ ಕಾಳು ಒಮ್ಮೆಲೇ ಜಾಸ್ತಿ ಹಾಕಿದರೆ ಹೊಟ್ಟೆ ಹುಳಿಯಾಗಿ ಮೇಕೆ ಸತ್ತೇ ಹೋಗಬಹುದು.

ಮೊದಲು ಇಷ್ಟು ನೋಡಿ ಹೇಳು. ಹಿಂದೆ ಥರ್ಮಾಮೀಟರ್ ಇಟ್ಟು ಜ್ವರ ಎಷ್ಟಿದೆ? ಮೇಕೆಗೆ 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಸಹಜ. ಕೆಚ್ಚಲಿನ ಚರ್ಮ ಕೆಂಪಗಿದೆಯಾ, ನೀಲಿಗೆ ತಿರುಗಿದೆಯಾ? ಬಿಸಿ ಇದೆಯಾ, ತಣ್ಣಗಾಗಿದೆಯಾ? ಮರಿಗಳು ಎರಡೂ ಕಡೆ ಕುಡಿಯುತ್ತಿವೆಯಾ?

ನೀಲಿಯಾಗಿ ತಣ್ಣಗಾಗಿದ್ದರೆ ಇಲ್ಲಿ ಉತ್ತರ ಬರೆಯುತ್ತಾ ಕೂರಬೇಡ, ತಕ್ಷಣ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡು. ಅದು ಕೆಚ್ಚಲು ಕೊಳೆಯುವ ಬಾವು. ಆ ಭಾಗ ಉಳಿಯುವುದಿಲ್ಲ, ತಡವಾದರೆ ಮೇಕೆಯೂ ಉಳಿಯುವುದಿಲ್ಲ.

ಪಾವಗಡದ ಮೇಕೆಮನೆ

ಅಕ್ಕ, ಜ್ವರ 104.6 ಇದೆ. ಚರ್ಮ ಕೆಂಪು, ಬಿಸಿ. ನೀಲಿ ಇಲ್ಲ. ತಂಗಿ ನಿಂತು ನೋಡಿದಳು, ಎರಡು ಮರಿಗಳೂ ಬಲಗಡೆಗೇ ಗುದ್ದಾಡುತ್ತವೆ. ಎಡಗಡೆ ಬಾಯಿ ಹಾಕಿದರೆ ತಾಯಿ ಜಾಡಿಸುತ್ತದೆ.

ಕೊಟ್ಟಿಗೆ ಪಾಠ

ನಾನು ಬಿ.ವಿ.ಎಸ್ಸಿ. (ಪಶು ವೈದ್ಯಕೀಯ) ಕೊನೆ ವರ್ಷದಲ್ಲಿದ್ದೇನೆ. ಅಕ್ಕ ಹೇಳಿದ್ದು ಸರಿ. ಇವತ್ತೇ ಪಶು ವೈದ್ಯರಿಗೆ ತೋರಿಸಿ. ಅಂಗಡಿಯವರು ಕೊಡುವ ಟ್ಯೂಬನ್ನು ನೀವೇ ಹಾಕಬೇಡಿ. ಯಾವ ಔಷಧಿ, ಎಷ್ಟು ಹೊತ್ತಿಗೊಮ್ಮೆ, ಜೊತೆಗೆ ಇಂಜೆಕ್ಷನ್ ಬೇಕಾ ಅನ್ನುವುದು ವೈದ್ಯರ ಕೆಲಸ. ಇನ್ನೊಂದು ಕಾರಣವೂ ಇದೆ. ಮೇಕೆಯ ಮೊಲೆತೊಟ್ಟಿನ ತೂತು ಸಣ್ಣದು. ಟ್ಯೂಬಿನ ತುದಿಯನ್ನು ಒತ್ತಿ ತುರುಕಿದರೆ ಒಳಗೆ ಗಾಯವಾಗುತ್ತದೆ, ತೊಟ್ಟನ್ನು ಸರಿಯಾಗಿ ಒರೆಸದಿದ್ದರೆ ಹೊರಗಿನ ಕೊಳೆಯೂ ಒಳಗೆ ಹೋಗುತ್ತದೆ.

ಔಷಧಿ ಶುರುವಾಗುವ ಮೊದಲು ಹಾಲಿನ ಸ್ಯಾಂಪಲ್ ತೆಗೆಯಿರಿ. ಆಮೇಲೆ ತೆಗೆದರೆ ರೋಗಾಣು ಸಿಗದೇ ಹೋಗಬಹುದು. ಕೈ ತೊಳೆದುಕೊಳ್ಳಿ, ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಮೂರ್ನಾಲ್ಕು ಧಾರೆ ಬಿಟ್ಟುಬಿಡಿ. ಆಮೇಲಿನದನ್ನು ಸ್ಟೆರೈಲ್ ಬಾಟಲಿಗೆ ಹಿಡಿದು ಐಸ್ ಮೇಲೆ ಇಡಿ. ಬಾಟಲಿ ಪಶು ಆಸ್ಪತ್ರೆಯಲ್ಲೇ ಕೇಳಿ. ಸ್ಯಾಂಪಲ್ ಎಲ್ಲಿಗೆ ಕಳಿಸಬೇಕು ಅಂತಲೂ ಅವರೇ ಹೇಳುತ್ತಾರೆ.

ವೈದ್ಯರು ಬರುವವರೆಗೆ ಎಡಗಡೆಯ ಹಾಲನ್ನು ಆಗಾಗ ನಿಧಾನವಾಗಿ ಪೂರ್ತಿ ಹಿಂಡಿ ತೆಗೆಯಿರಿ. ಆ ಹಾಲನ್ನು ಒಂದು ಡಬ್ಬಕ್ಕೇ ಹಿಂಡಿ, ದೂರದಲ್ಲಿ ಗುಂಡಿ ತೋಡಿ ಸುರಿಯಿರಿ. ನೆಲಕ್ಕೆ ಹಿಂಡಿದರೆ ಅದೇ ಜಾಗದಲ್ಲಿ ಮಲಗುವ ಉಳಿದ ಮೇಕೆಗಳಿಗೂ ಅಂಟುತ್ತದೆ.

ಸೊಪ್ಪಿನ ಹೊರೆ

ಮರಿಗಳನ್ನೇ ಎಡಗಡೆ ಬಿಡಬಹುದಲ್ವಾ? ಕೈಗಿಂತ ಚೆನ್ನಾಗಿ ಖಾಲಿ ಮಾಡುತ್ತವೆ. ನಮ್ಮಜ್ಜಿ ಹಾಗೇ ಮಾಡುತ್ತಿದ್ದರು.

ಕೊಟ್ಟಿಗೆ ಪಾಠ

ಬೇಡ ಅಣ್ಣ. ಬಾವಿನ ಹಾಲು ಮರಿಗಳಿಗೆ ಒಳ್ಳೆಯದಲ್ಲ, ಅದರಲ್ಲಿ ಔಷಧಿ ಸೇರಿದ ಮೇಲಂತೂ ಕೊಡಲೇಬಾರದು. ಒಂದು ತೊಟ್ಟು ಚೀಪಿದ ಬಾಯನ್ನೇ ಇನ್ನೊಂದಕ್ಕೂ ಹಾಕುತ್ತವೆ, ರೋಗ ಆ ಕಡೆಗೂ ದಾಟುತ್ತದೆ. ಜೊತೆಗೆ ನೋಯುವ ತೊಟ್ಟನ್ನು ಮರಿ ಕಚ್ಚಿ ಎಳೆದರೆ ಗಾಯ ಇನ್ನೂ ದೊಡ್ಡದಾಗುತ್ತದೆ.

ಸದ್ಯಕ್ಕೆ ಮರಿಗಳಿಗೆ ಉಳಿದ ಮೇಕೆಗಳ ಒಳ್ಳೆಯ ಹಾಲನ್ನು ಬಾಟಲಿಯಲ್ಲಿ ಕುಡಿಸಿ. ಈ ವಯಸ್ಸಿಗೆ ದಿನಕ್ಕೆ ಮೈತೂಕದ ಹತ್ತನೇ ಒಂದು ಪಾಲಿಗಿಂತ ಕಡಿಮೆ ಆಗಬಾರದು, ಸ್ವಲ್ಪ ಜಾಸ್ತಿಯೇ ಇರಲಿ. ಆರು ಕೆಜಿ ಮರಿಗೆ 600 ಎಂ.ಎಲ್. ಅಂತ ಶುರು ಮಾಡಿ, ಮೂರ್ನಾಲ್ಕು ಸಲಕ್ಕೆ ಹಂಚಿ. ಹಾಲು ಉಗುರುಬೆಚ್ಚಗಿರಲಿ. ಮರಿಯನ್ನು ತೊಡೆ ಮೇಲೆ ಅಂಗಾತ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ನಿಂತುಕೊಂಡೇ ಕುಡಿಯಲಿ.

ಚಳ್ಳಕೆರೆ ಅಕ್ಕ

ಎರಡು ಮರಿಗೂ ಸಮವಾಗಿ ಹೋಗುತ್ತಿದೆಯಾ ಅಂತ ತಂಗಿಗೆ ನೋಡಿಕೊಳ್ಳಲು ಹೇಳು. ಜೋರಿನ ಮರಿ ತನ್ನದನ್ನು ಮುಗಿಸಿ ಇನ್ನೊಂದರದ್ದಕ್ಕೂ ಬಾಯಿ ಹಾಕುತ್ತದೆ. ತಾಯಿಗೆ ಈಗ ತೊಗರಿ ಹೊಟ್ಟು, ಸುಬಾಬುಲ್, ನುಗ್ಗೆ ಸೊಪ್ಪು, ನೀರು. ಹಿಂಡಿ ಮೊದಲಿನಷ್ಟೇ ಸಾಕು. ಮೆಲುಕು ಹಾಕುತ್ತಿದೆಯಾ ಅಂತ ದಿನಾ ನೋಡಿ. ಮೆಲುಕು ನಿಂತರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಪಾವಗಡದ ಮೇಕೆಮನೆ

ವೈದ್ಯರು ಮಧ್ಯಾಹ್ನ ಬಂದು ನೋಡಿದರು. ಕೆಚ್ಚಲು ಬಾವು ಅಂತಲೇ ಹೇಳಿದರು. ಇಂಜೆಕ್ಷನ್ ಕೊಟ್ಟರು, ನೋವು-ಜ್ವರಕ್ಕೂ ಒಂದು ಕೊಟ್ಟರು. ಎಡಗಡೆ ಟ್ಯೂಬ್ ಹಾಕುವುದನ್ನು ತಂಗಿಗೆ ತೋರಿಸಿಕೊಟ್ಟರು. ಸ್ಯಾಂಪಲ್ ಕಳಿಸಿದ್ದೇವೆ. ತೊಟ್ಟಿನ ಪಕ್ಕ ಜಾಲಿ ಮುಳ್ಳು ಗೀರಿದ ಗಾಯ ಸಿಕ್ಕಿತು, ಅಲ್ಲಿಂದ ಶುರುವಾಗಿರಬಹುದು ಅಂದರು.

ಉಳಿದ ಎರಡಕ್ಕೂ ಇದೇ ಬಂದಿದೆಯಾ ಅಂತ ಮನೆಯಲ್ಲೇ ತಿಳಿಯುವುದು ಹೇಗೆ? ಅವುಗಳ ಹಾಲು ನೋಡಲು ಚೆನ್ನಾಗಿಯೇ ಇದೆ.

ಕೊಟ್ಟಿಗೆ ಪಾಠ

ಒಳ್ಳೆಯ ಪ್ರಶ್ನೆ. ಹೊರಗೆ ಏನೂ ಕಾಣದ ಬಾವು ಇರುತ್ತದೆ, ಹಾಲು ಮಾತ್ರ ನಿಧಾನಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ. ದಿನಾ ಹಿಂಡುವ ಮೊದಲು ಎರಡು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಬಿಡಿ. ಸಣ್ಣ ಚೂರಿದ್ದರೂ ಕಪ್ಪಿನ ಮೇಲೆ ಎದ್ದು ಕಾಣುತ್ತದೆ.

ಇದಕ್ಕಿಂತ ಮೇಲಿನದು ಸರ್ಫ್ ಪರೀಕ್ಷೆ. 100 ಎಂ.ಎಲ್. ನೀರಿಗೆ 3 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ. ಎಡ, ಬಲ ಎರಡಕ್ಕೂ ಬೇರೆ ಬೇರೆ ತಟ್ಟೆ. ಹಾಲು ಎಷ್ಟೋ ಅಷ್ಟೇ ಸೋಪು ನೀರು ಹಾಕಿ ಸುತ್ತಾ ಅಲ್ಲಾಡಿಸಿ. ಬಾವಿದ್ದರೆ ಹಾಲಿಗೆ ಬಿಳಿ ರಕ್ತಕಣಗಳು ತುಂಬಾ ಬಂದಿರುತ್ತವೆ. ಸೋಪು ಅವುಗಳನ್ನು ಒಡೆಯುತ್ತದೆ, ಒಳಗಿನ ಡಿಎನ್‌ಎ ಹೊರಬಂದು ಇಡೀ ಮಿಶ್ರಣ ಲೋಳೆಯಾಗುತ್ತದೆ.

ಆದರೆ ಹಸುವಿನ ಲೆಕ್ಕವನ್ನು ಮೇಕೆಗೆ ಹಾಕಬಾರದು. ಮೇಕೆ ಹಾಲಿನಲ್ಲಿ ಆರೋಗ್ಯವಾಗಿದ್ದಾಗಲೂ ಕಣಗಳು ಜಾಸ್ತಿ, ಹಾಲು ಬತ್ತುವ ಹೊತ್ತಿಗೆ ಇನ್ನೂ ಜಾಸ್ತಿ. ಎರಡೂ ತಟ್ಟೆಯಲ್ಲಿ ಒಂದೇ ರೀತಿ ತುಸು ಮಂದವಾದರೆ ಗಾಬರಿ ಬೇಡ. ಒಂದರಲ್ಲಿ ಮಾತ್ರ ಲೋಳೆಯಾದರೆ ತೋರಿಸಲೇಬೇಕು.

ಹಿಂಡುವ ವಿಷಯಕ್ಕೂ ಬರೋಣ. ಹೆಬ್ಬೆರಳು ಮಡಚಿ ತೊಟ್ಟನ್ನು ಜಗ್ಗಬೇಡಿ. ಮೇಲೆ ಹೆಬ್ಬೆರಳು-ತೋರುಬೆರಳಲ್ಲಿ ಮುಚ್ಚಿ, ಉಳಿದ ಬೆರಳುಗಳನ್ನು ಒಂದೊಂದಾಗಿ ಒತ್ತಿ. ಒಳ್ಳೆಯ ಮೇಕೆಗಳನ್ನು ಮೊದಲು ಹಿಂಡಿ, ಬಾವಿನದನ್ನು ಕೊನೆಗೆ. ಹಿಂಡಿದ ಮೇಲೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಅಯೋಡಿನ್ ದ್ರಾವಣಕ್ಕೆ ತೊಟ್ಟನ್ನು ಅದ್ದಿ. ತೊಟ್ಟಿನ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಲ್ಲಿಯವರೆಗೆ ಮಲಗದ ಹಾಗೆ ಹಿಂಡಿದ ಕೂಡಲೇ ಸೊಪ್ಪು ಕಟ್ಟಿಬಿಡಿ, ತಿನ್ನುತ್ತಾ ನಿಂತಿರುತ್ತವೆ.

ಪಾವಗಡದ ಮೇಕೆಮನೆ

ಪರೀಕ್ಷೆ ಮಾಡಿದೆವು. ಒಂದು ಮೇಕೆ ಎರಡೂ ಕಡೆ ಸರಿಯಿದೆ. ಇನ್ನೊಂದರ ಬಲಗಡೆ ನಿಜವಾಗಿಯೂ ಲೋಳೆ ಬಂತು! ಹಾಲು ನೋಡಿದರೆ ಯಾರೂ ಹೇಳುತ್ತಿರಲಿಲ್ಲ. ನಾಳೆ ಅದನ್ನೂ ವೈದ್ಯರಿಗೆ ತೋರಿಸುತ್ತೇವೆ. ದೊಡ್ಡದಕ್ಕೆ ಜ್ವರ ಇಳಿದಿದೆ, ಎಡಗಡೆ ಮೆತ್ತಗಾಗುತ್ತಿದೆ.

ಕೊನೆಯದಾಗಿ, ನಮ್ಮ ಬೀದಿಯಲ್ಲಿ ಇಬ್ಬರು ಹಾಲಿಗೆ ಕಾಯುತ್ತಿದ್ದಾರೆ. ಹಸಿ ಹಾಲೇ ಬೇಕಂತೆ, ಕಾಯಿಸಿದರೆ ಗುಣ ಹೋಗುತ್ತದಂತೆ. ಯಾವಾಗಿನಿಂದ ಕೊಡಬಹುದು?

ಚಳ್ಳಕೆರೆ ಅಕ್ಕ

ಹಸಿ ಹಾಲು ಯಾರು ಕೇಳಿದರೂ ಕೊಡಬೇಡ. ಮೇಕೆ ಹಾಲಿನಿಂದ ಬ್ರುಸೆಲ್ಲೋಸಿಸ್ ಅನ್ನುವ ರೋಗ ಮನುಷ್ಯರಿಗೆ ಬರುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲುನೋವು. ಕುದಿಸಿ ಕುಡಿಯಿರಿ ಅಂತ ಹೇಳಿಯೇ ಕೊಡು. ಒಪ್ಪದವರಿಗೆ ಮಾರುವುದೇ ಬೇಡ.

ಕೊಟ್ಟಿಗೆ ಪಾಠ

ಔಷಧಿಯಲ್ಲಿರುವ ಮೇಕೆಯ ಬಲಗಡೆಯ ಹಾಲನ್ನೂ ಈಗ ಮಾರಬಾರದು. ಇಂಜೆಕ್ಷನ್ ರಕ್ತದಿಂದ ಎರಡೂ ಕಡೆಗೆ ಹೋಗುತ್ತದೆ. ಕುದಿಸಿದರೂ ಔಷಧಿ ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಕೊನೆಯ ಡೋಸ್ ಆದ ಮೇಲೆ ಎಷ್ಟು ದಿನ ಬಿಡಬೇಕು ಅಂತ ವೈದ್ಯರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಟ್ಯೂಬಿನ ಮೇಲೆ ಬರೆದಿರುವ ದಿನಗಳು ಹಸುವಿನ ಲೆಕ್ಕ. ಆ ದಿನಗಳು ಮುಗಿದ ಮೇಲೆ ಎರಡೂ ಕಡೆ ಮತ್ತೆ ಸರ್ಫ್ ಪರೀಕ್ಷೆ ಮಾಡಿ, ಸರಿ ಬಂದರೆ ಕೊಡಿ. ಅಲ್ಲಿಯವರೆಗೆ ಪರೀಕ್ಷೆಯಲ್ಲಿ ಸರಿ ಬಂದ ಮೇಕೆಯ ಹಾಲು ಮರಿಗಳಿಗೇ ಬೇಕಾಗುತ್ತದೆ, ಬೀದಿಯವರಿಗೆ ಹಾಗೇ ಹೇಳಿಬಿಡಿ.