ಹೊನ್ನಾಳಿಯಿಂದ ಹರಿಹರಕ್ಕೆ 13 ಅಡಿ ದೋಣಿಯಲ್ಲಿ ಎರಡು ದಿನ: ಯೋಜನೆಯಲ್ಲಿ ತಪ್ಪಿದ್ದರೆ ಹೇಳಿ

ದೋಣಿಪುರಾಣ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ನಾವಿಬ್ಬರು ಹೊನ್ನಾಳಿಯಲ್ಲಿ ತುಂಗಭದ್ರೆಗೆ ದೋಣಿ ಇಳಿಸಬೇಕು ಅಂತಿದ್ದೇವೆ. ಉಕ್ಕಡಗಾತ್ರಿ ಹತ್ತಿರ ಒಂದು ರಾತ್ರಿ ತಂಗಿ ಮರುದಿನ ಹರಿಹರ ಮುಟ್ಟುವ ಲೆಕ್ಕ. ರಸ್ತೆಯಲ್ಲಾದರೆ ಹೊನ್ನಾಳಿ-ಹರಿಹರ ಹತ್ತಿರತ್ತಿರ 40 ಕಿ.ಮೀ., ಹೊಳೆ ಸುತ್ತು ಹಾಕುವುದರಿಂದ 50 ಅಂತ ಹಿಡಿದಿದ್ದೇನೆ.

ದೋಣಿ ಅಲ್ಯುಮಿನಿಯಂದು, ಚಪ್ಪಟೆ ತಳ, ಬರೀ ದೋಣಿಯೇ 75 ಕೆ.ಜಿ. ಎಂಜಿನ್ 9.9 ಎಚ್‌ಪಿ ಫೋರ್ ಸ್ಟ್ರೋಕ್, 42 ಕೆ.ಜಿ. 12 ಲೀಟರಿನ ಒಂದು ಟ್ಯಾಂಕ್ ಇದೆ. ಟ್ರೈಲರನ್ನು ಇಲ್ಲೇ ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವವರ ಹತ್ತಿರ ಮಾಡಿಸಿದ್ದು, ಒಂದೇ ಅಚ್ಚು, ಎರಡು ಚಕ್ರ, 150 ಕೆ.ಜಿ. ಎಳೆಯಲು ಬೊಲೆರೊ.

ನನ್ನ ಅನುಮಾನಗಳು: ಪೆಟ್ರೋಲ್ ಎಷ್ಟು ಬೇಕು? ಗಾಡಿ, ಟ್ರೈಲರ್ ಹೊನ್ನಾಳಿಯಲ್ಲೇ ಬಿಟ್ಟು, ಹರಿಹರದಿಂದ ಅದೇ ದೋಣಿಯಲ್ಲಿ ವಾಪಸ್ ಬರಬಹುದಾ? ಡಿಸೆಂಬರಿನಲ್ಲಿ ನೀರು ಸಾಕಾಗುತ್ತದಾ? ಟ್ರೈಲರ್ ಬಗ್ಗೆ ಏನು ನೋಡಿಕೊಳ್ಳಬೇಕು?

ಹರಿಗೋಲು

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ವಾಪಸ್ ಬರುವ ಆಲೋಚನೆ ಬಿಡಿ. ಲೆಕ್ಕ ಹಾಕಿ ನೋಡಿ.

13 ಅಡಿ ದೋಣಿ ನೀರು ಸೀಳಿಕೊಂಡು, ಮೂತಿ ಎತ್ತದೆ ಹೋಗುವ ವೇಗ ಗಂಟೆಗೆ ಸುಮಾರು 9 ಕಿ.ಮೀ. ಅದಕ್ಕಿಂತ ಜೋರು ಹೋಗಬೇಕಾದರೆ ದೋಣಿ ನೀರಿನ ಮೇಲೆ ಏರಬೇಕು. ಇಬ್ಬರು, ಸಾಮಾನು, ಎಂಜಿನ್, ಪೆಟ್ರೋಲ್ ಎಲ್ಲ ಸೇರಿ 330 ಕೆ.ಜಿ. ದಾಟುತ್ತದೆ, 9.9ರ ಎಂಜಿನ್ ಅದನ್ನು ಏರಿಸಲು ಏದುಸಿರು ಬಿಡುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಮೂರೂವರೆಯಿಂದ ನಾಲ್ಕು ಲೀಟರ್ ಕುಡಿಯುತ್ತದೆ, ನಿಧಾನಕ್ಕೆ ಬಿಟ್ಟರೆ ಎರಡರ ಆಸುಪಾಸು. ಹಾಗಾಗಿ 50 ಕಿ.ಮೀ.ಗೆ ಐದೂವರೆ ಗಂಟೆ, 11 ಲೀಟರ್. ಸೆಳವು ಹಿಂದಿನಿಂದ ತಳ್ಳುವುದರಿಂದ ಇನ್ನೂ ಕಡಿಮೆ ಆದೀತು, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅರ್ಧದಷ್ಟು ಮೀಸಲು ಸೇರಿಸಿ 17 ಲೀಟರ್. ನಿಮ್ಮ 12ರ ಟ್ಯಾಂಕ್ ಜೊತೆಗೆ ಬಿಗಿ ಮುಚ್ಚಳದ 10 ಲೀಟರಿನ ಕ್ಯಾನ್ ಒಂದು.

ಈಗ ವಾಪಸ್. ಸೆಳವು ಗಂಟೆಗೆ 3 ಕಿ.ಮೀ. ಇದ್ದರೂ ನಿಮಗೆ ದಕ್ಕುವುದು 6 ಮಾತ್ರ. ಎಂಟು ಗಂಟೆಗೂ ಮೇಲೆ, 17 ಲೀಟರ್, ಅದೂ ಮೀಸಲು ಬಿಟ್ಟು. ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹರಿಹರಕ್ಕೆ ಹೋಗುವಾಗ ಜಾರಿಕೊಂಡು ದಾಟಿದ ತೆಳುನೀರಿನಲ್ಲಿ ಎಂಜಿನ್ ಇಳಿಸಿ ಮೇಲೆ ಏರಲು ಆಗುವುದೂ ಇಲ್ಲ. ಮೂರನೆಯವರೊಬ್ಬರು ಖಾಲಿ ಟ್ರೈಲರ್ ಎಳೆದುಕೊಂಡು ಹರಿಹರಕ್ಕೆ ಬರಲಿ.

ಯೋಜನೆಯನ್ನು ಇಳಿಸುವ ಜಾಗದಿಂದ ಅಲ್ಲ, ಎತ್ತುವ ಜಾಗದಿಂದ ಶುರುಮಾಡಿ. ಹರಿಹರದಲ್ಲಿ ಘಾಟಿನ ಮೆಟ್ಟಿಲು ಇರುವ ಕಡೆ ಟ್ರೈಲರ್ ಇಳಿಯುವುದಿಲ್ಲ. ಹಿಂದಿನ ದಿನವೇ ಗಾಡಿ ತಗೊಂಡು ಹೋಗಿ ಟ್ರ್ಯಾಕ್ಟರ್ ಹೊಳೆಗೆ ಇಳಿಯುವ ದಾರಿ ಹುಡುಕಿ, ಅಲ್ಲಿ ಕಾಲಿನಲ್ಲಿ ತುಳಿದು ನೋಡಿ. ಹಿಮ್ಮಡಿ ಹೂತರೆ ಬೊಲೆರೊ ಕೂಡ ಹೂಳುತ್ತದೆ. ಜಾಗ ಸಿಕ್ಕಿದ ಮೇಲೆ ಹೊಳೆ ಕಡೆಯಿಂದ ಗುರುತು ಸಿಗುವಂಥದ್ದು ಏನಿದೆ ನೋಡಿ: ಮರ, ಗುಡಿ, ಸೇತುವೆ ಕಂಬ. ದಡದ ಮೇಲಿಂದ ಕಂಡಂತೆ ನೀರಿನ ಮೇಲಿಂದ ಕಾಣುವುದಿಲ್ಲ. ಉಕ್ಕಡಗಾತ್ರಿಗೂ ಇದೇ ಮಾತು. ನಡುವೆ ಎಂಜಿನ್ ಕೆಟ್ಟರೆ ಎಲ್ಲಿ ಎತ್ತಬಹುದು ಅಂತ ಇನ್ನೆರಡು ಜಾಗ ಕೂಡ ಗೊತ್ತಿರಲಿ.

ನೀರಿನ ವಿಷಯ. ತುಂಗೆಯ ಗಾಜನೂರು ಅಣೆಕಟ್ಟು ಚಿಕ್ಕದು, 3.24 ಟಿಎಂಸಿ. ಮಲೆನಾಡಲ್ಲಿ ಮಳೆ ಬಿದ್ದರೆ ಬಂದ ನೀರನ್ನು ಹಿಡಿದಿಡುವ ಜಾಗವೇ ಅದಕ್ಕಿಲ್ಲ, ಗೇಟು ಎತ್ತಲೇಬೇಕು. ಭದ್ರಾ 71.5 ಟಿಎಂಸಿಯದು, ಮಳೆಗಾಲ ಮುಗಿದ ಮೇಲೆ ಅಲ್ಲಿಂದ ಹೊಳೆಗೆ ಬಿಟ್ಟರೆ ಬಂತು, ಇಲ್ಲದಿದ್ದರೆ ಇಲ್ಲ. ಫೆಬ್ರವರಿಯಲ್ಲಿ ಮೈಲಾರದ ಜಾತ್ರೆಗೆ ಅಂತಲೇ ಭದ್ರೆಯಿಂದ ನೀರು ಬಿಡುವುದು ನಿಮಗೂ ಗೊತ್ತಿರಬಹುದು, ಅಂದರೆ ಆ ಹೊತ್ತಿಗೆ ಹೊಳೆ ಎಷ್ಟು ಬತ್ತಿರುತ್ತದೆ ಅಂತ ಲೆಕ್ಕ ಹಾಕಿ. ನವೆಂಬರ್ ಕೊನೆ, ಡಿಸೆಂಬರ್ ಮೊದಲರ್ಧ ಸರಿಯಾದ ಕಾಲ. ಹೊರಡುವ ಮೂರು ದಿನ ಮೊದಲಿನಿಂದ ಎರಡೂ ಅಣೆಕಟ್ಟಿನ ಹೊರಹರಿವು ಬರೆದಿಟ್ಟುಕೊಳ್ಳಿ. ಒಂದೇ ಸಮನೆ ಇದ್ದರೆ ಹೊರಡಿ. ಏರುತ್ತಿದ್ದರೆ ದೋಣಿ ಟ್ರೈಲರ್ ಮೇಲೇ ಇರಲಿ.

ಗ್ರೀಸ್ ಗನ್

ಟ್ರೈಲರ್ ಬಗ್ಗೆ ನಾನು ಹೇಳ್ತೀನಿ ನೋಡ್ರಿ. ಟ್ರ್ಯಾಕ್ಟರ್ ಟ್ರೈಲರ್ ಕಟ್ಟೋರಿಗೆ ಭಾರ ಹೊರೋ ಲೆಕ್ಕ ಚೆನ್ನಾಗಿ ಗೊತ್ತೈತಿ, ನೀರಿಗೆ ಇಳಿಯೋ ಲೆಕ್ಕ ಗೊತ್ತಿರಲ್ಲ.

ಮೊದಲನೇದು ಹಬ್. 40 ಕಿ.ಮೀ. ಓಡಿದ ಮೇಲೆ ಬೇರಿಂಗ್ ಬಿಸಿ ಇರ್ತತಿ, ಒಳಗಿನ ಗಾಳಿ ಹಿಗ್ಗಿರ್ತತಿ. ಅದನ್ನ ಹಂಗೇ ತಣ್ಣೀರಿಗೆ ಇಳಿಸಿದ್ರೆ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಒಳಗೆ ಎಳ್ಕೊಂತತಿ. ಆಮೇಲೆ ಗ್ರೀಸ್ ಮಜ್ಜಿಗೆ ಆಗಿ, ಬೇರಿಂಗ್ ತುಕ್ಕು ಹಿಡಿದು, ಮುಂದಿನ ಸಲ ನಡು ರಸ್ತೇಲಿ ಚಕ್ರ ಹಿಡ್ಕೊಂತತಿ. ದಡಕ್ಕೆ ಹೋಗಿ 20 ನಿಮಿಷ ಸುಮ್ನೆ ನಿಲ್ಲಿಸ್ರಿ, ಸಾಮಾನು ತುಂಬ್ಕೊಳ್ರಿ, ಚಾ ಕುಡೀರಿ. ನೀರು ತಡಿಯೋ ಗ್ರೀಸೇ ಹಾಕ್ರಿ. ಹೊರಟು 15-20 ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಎರಡೂ ಹಬ್ ಮೇಲೆ ಅಂಗೈ ಇಟ್ಟು ನೋಡ್ರಿ. ಬೆಚ್ಚಗಿದ್ರೆ ಸರಿ. ಕೈ ಇಡಕಾಗದಷ್ಟು ಸುಡ್ತಿದ್ರೆ ನಟ್ ಬಿಗಿ ಆಗೇತಿ, ಇಲ್ಲಾ ಗ್ರೀಸ್ ಇಲ್ಲ.

ಎರಡನೇದು ಮೂತಿ ಭಾರ. ದೋಣಿ, ಎಂಜಿನ್, ಟ್ರೈಲರ್, ಸಾಮಾನು ಸೇರಿ 350 ಕೆ.ಜಿ. ಆದ್ರೆ ಕೊಕ್ಕೆ ಮೇಲೆ 25ರಿಂದ 35 ಕೆ.ಜಿ. ಕೂರಬೇಕು. ಮನೇಲಿರೋ ತೂಕದ ಯಂತ್ರ ಇಟ್ಟಿಗೆ ಮೇಲೆ ಇಟ್ಟು ಅದರ ಮೇಲೆ ಟ್ರೈಲರ್ ಮೂತಿ ಇಟ್ಟು ನೋಡ್ರಿ. ಕಡಿಮೆ ಇದ್ರೆ 60ರ ವೇಗದಲ್ಲಿ ಬಾಲ ಅಲ್ಲಾಡ್ತತಿ, ಬ್ರೇಕ್ ಹೊಡೆದಷ್ಟೂ ಜಾಸ್ತಿ ಆಗ್ತತಿ. ಪೆಟ್ರೋಲ್, ಲಂಗರು ಹಿಂದೆ ಎಂಜಿನ್ ಹತ್ತಿರ ಪೇರಿಸ್ತಾರೆ, ಅಲ್ಲೇ ತಪ್ಪಾಗೋದು. ಅವು ದೋಣಿ ಮುಂದಿನ ಅರ್ಧದಾಗೆ ಇರಲಿ. ಇನ್ನೂ ಕಡಿಮೆ ಇದ್ರೆ ಅಚ್ಚನ್ನ ನಾಲ್ಕು ಇಂಚು ಹಿಂದಕ್ಕೆ ಸರಿಸ್ರಿ, ಯೂ ಬೋಲ್ಟ್‌ನಾಗೆ ಕೂರಿಸಿದ್ರೆ ಅರ್ಧ ಗಂಟೆ ಕೆಲಸ. ಸರಪಳಿ ಎರಡು, ಮೂತಿ ಕೆಳಗೆ ಕತ್ರಿ ಹಾಕ್ದಂಗೆ ಇರಬೇಕು. ಕೊಕ್ಕೆ ಕಳಚಿದ್ರೆ ಮೂತಿ ನೆಲಕ್ಕೆ ಬೀಳದೆ ಸರಪಳಿ ಮೇಲೆ ಕೂರ್ತತಿ.

ಇಳಿಸೋವಾಗ: ಮೊದಲು ಲೈಟ್ ವೈರ್ ಕಳಚ್ರಿ, ಬಿಸಿ ಬಲ್ಬ್ ನೀರಿಗೆ ಬಿದ್ರೆ ಒಡೀತತಿ. ಆಮೇಲೆ ದೋಣಿ ತಳದ ಬೂಚು. ಅದನ್ನ ಮರೆತು ದೋಣಿ ಇಳಿಸೋರು ಎಲ್ಲಾ ಊರಲ್ಲೂ ಇದ್ದಾರೆ. ಬೂಚಿಗೆ ಕೆಂಪು ದಾರ ಕಟ್ಟಿ ಎಂಜಿನ್ ಕೀಗೆ ನೇತು ಹಾಕ್ರಿ. ಮುಂದಿನ ವಿಂಚ್ ಪಟ್ಟಿ ಮಾತ್ರ ದೋಣಿ ತೇಲೋ ತನಕ ಬಿಚ್ಚಬ್ಯಾಡ್ರಿ.

ಅಡ್ಡಬದು

ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಎಂಜಿನ್ ಕೂರಿಸಿದರೆ ಅದು ಒಳನಾಡು ಹಡಗುಗಳ ಕಾಯ್ದೆ, 2021ರ ಅಡಿ ಬರುತ್ತದೆ (1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು). ತಪಾಸಣೆ, ನೋಂದಣಿ, ವಿಮೆ ಬೇಕು. ಒಂದು ರಾಜ್ಯದಲ್ಲಿ ಮಾಡಿಸಿದ ನೋಂದಣಿ ದೇಶದ ಎಲ್ಲ ಕಡೆ ನಡೆಯುತ್ತದೆ. ನಮ್ಮಲ್ಲಿ ವಿಚಾರಿಸಬೇಕಾದ್ದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯನ್ನು. ಡಿಸೆಂಬರಿಗೆ ಹೋಗಬೇಕಾದರೆ ಈಗಲೇ ಅರ್ಜಿ ಹಾಕಿ. ಟ್ರೈಲರಿಗೂ ಮೋಟಾರು ವಾಹನ ಕಾಯ್ದೆಯಲ್ಲಿ ಪ್ರತ್ಯೇಕ ನೋಂದಣಿ ಬೇಕು, ಬೊಲೆರೊ ನಂಬರನ್ನೇ ಹಿಂದೆ ಬರೆದುಕೊಂಡರೆ ಆಗುವುದಿಲ್ಲ. ಹೊರಡುವ ಮುನ್ನ ಹೊನ್ನಾಳಿ, ಹರಿಹರ ಎರಡೂ ಠಾಣೆಗೆ ಒಂದು ಪುಟದ ಪತ್ರ: ಎಷ್ಟು ಜನ, ದೋಣಿ ಬಣ್ಣ, ಹೊರಡುವ ಮತ್ತು ಮುಟ್ಟುವ ಹೊತ್ತು, ಫೋನ್ ನಂಬರ್.

ದೋಣಿಪುರಾಣ, ದಾವಣಗೆರೆ

ಬಹಳ ಉಪಕಾರ ಆಯಿತು. ವಾಪಸ್ ಬರುವುದು ಕೈಬಿಟ್ಟೆ, ತಮ್ಮ ಟ್ರೈಲರ್ ತರುತ್ತಾನೆ. ಇನ್ನೆರಡು ಪ್ರಶ್ನೆ: ರಾತ್ರಿ ಹೊಳೆ ನಡುವಿನ ಮರಳು ದಿಬ್ಬದ ಮೇಲೆ ಟೆಂಟ್ ಹಾಕಬಹುದಾ? ಬಲೆಗಳ ಕಾಟ ಎಷ್ಟು?

ಹೊಳೆದಂಡೆ

ಮರಳು ದಿಬ್ಬ ಬೇಡವೇ ಬೇಡ. ರಾತ್ರಿ ಮೇಲಿನಿಂದ ನೀರು ಬಿಟ್ಟರೆ ಮೊದಲು ಹೋಗುವುದು ಅದೇ. ದಂಡೆಯ ಮೇಲೆ, ಹಳೆಯ ನೆರೆಯ ಕಸ ಸಿಕ್ಕಿಕೊಂಡ ಗೆರೆಗಿಂತ ಎತ್ತರದಲ್ಲಿ ಮಲಗಿ. ಮಲಗುವ ಮುಂಚೆ ನೀರಿನ ಅಂಚಿಗೆ ಸರಿಯಾಗಿ ಒಂದು ಕೋಲು ನೆಟ್ಟು, ನಡುರಾತ್ರಿ ಒಮ್ಮೆ ಟಾರ್ಚ್ ಹಾಕಿ ನೋಡಿ. ಕೋಲು ನೀರೊಳಗೆ ಹೋಗಿದ್ದರೆ ದೋಣಿಯನ್ನು ಇನ್ನಷ್ಟು ಮೇಲಕ್ಕೆ ಎಳೆದು ಕಟ್ಟಿ. ಹೊಳೆಯಲ್ಲಿ ಮೊಸಳೆ ಇವೆ. ಪಾತ್ರೆ ತೊಳೆಯುವುದು, ಮೀನಿನ ತ್ಯಾಜ್ಯ ಎಸೆಯುವುದು ಅಂಚಿನಲ್ಲಿ ಬೇಡ. ಕತ್ತಲಾದ ಮೇಲೆ ನೀರಿಗೆ ಕಾಲಿಡಬೇಡಿ. ಉಕ್ಕಡಗಾತ್ರಿಗೆ ಅಮಾವಾಸ್ಯೆ ದಿನ ಹೋಗುವಂತೆ ತಾರೀಕು ಹಾಕಿಕೊಳ್ಳಬೇಡಿ. ಅಜ್ಜಯ್ಯನ ದರ್ಶನಕ್ಕೆ ಬಂದ ಜನ ಹೊಳೆ ತುಂಬ ಸ್ನಾನ ಮಾಡುತ್ತಿರುತ್ತಾರೆ. ಬೇರೆ ದಿನವೂ ಸ್ನಾನಘಟ್ಟದ ಮುಂದೆ ಎಂಜಿನ್ ನಿಲ್ಲಿಸಿ, ಆಚೆ ದಡಕ್ಕೆ ಸರಿದು ಹುಟ್ಟು ಹಾಕಿಕೊಂಡು ದಾಟಿ.

ಬಲೆ ಸಂಜೆ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ. ಹಾಗಾಗಿ ಬೆಳಿಗ್ಗೆ ಎಂಟರ ತನಕ ಸಾವಕಾಶ. ಗುರುತಿಗೆ ಪ್ಲಾಸ್ಟಿಕ್ ಬಾಟಲಿ, ಥರ್ಮಾಕೋಲ್ ತುಂಡು ಸಾಲಾಗಿ ತೇಲುತ್ತಿರುತ್ತವೆ. ಸಾಲು ಕಂಡರೆ ಎಂಜಿನ್ ನಿಲ್ಲಿಸಿ, ಮೇಲೆತ್ತಿ, ಎರಡು ಬಾಟಲಿ ನಡುವೆ ಬಲೆ ಜೋತು ಬಿದ್ದ ಕಡೆ ತೇಲಿಕೊಂಡು ದಾಟಿ. ಸಿಕ್ಕಿಕೊಂಡರೆ ಕಿಲ್ ಸ್ವಿಚ್ (ಎಂಜಿನ್ ತಟ್ಟನೆ ನಿಲ್ಲಿಸುವ ಸ್ವಿಚ್) ಹಗ್ಗ ಕಿತ್ತು, ಪಂಖವನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸುತ್ತಾ ಬಿಡಿಸಿ. ಕತ್ತರಿಸಿಬಿಡಬೇಡಿ, ಬೇರೆಯವರ ಅನ್ನ ಅದು. ಬಿಡಿಸಿದ ಮೇಲೂ ಕೆಲಸ ಮುಗಿಯಲಿಲ್ಲ: ಪಂಖ ಬಿಚ್ಚಿ ಶಾಫ್ಟಿಗೆ ನೈಲಾನ್ ಎಳೆ ಸುತ್ತಿದೆಯಾ ನೋಡಬೇಕು. ಕೂದಲೆಳೆಯಷ್ಟು ಉಳಿದರೂ ಅದು ಸೀಲನ್ನು ಕೊಯ್ಯುತ್ತದೆ. ಊರಿಗೆ ಬಂದ ಮೇಲೆ ಗೇರ್ ಆಯಿಲ್ ತುಸು ಇಳಿಸಿ ನೋಡಿ. ಬೆಳ್ಳಗೆ ಹಾಲು ಬೆರೆತಂತಿದ್ದರೆ ನೀರು ಸೇರಿದೆ. ಪಂಖದ ನಟ್, ಎರಡು ಸ್ಪ್ಲಿಟ್ ಪಿನ್, ನಿಮ್ಮ ಎಂಜಿನ್ನಿಗೆ ಶಿಯರ್ ಪಿನ್ ಇದ್ದರೆ ಅದೂ ಮೂರು, ಇಕ್ಕಳ, ಎಲ್ಲ ಒಂದೇ ಡಬ್ಬಿಯಲ್ಲಿ ಕೈಗೆ ಸಿಗುವಂತೆ.

ಬಲೆಗಿಂತ ಭಯ ಪಡಬೇಕಾದ್ದು ಒಡ್ಡು. ಕುಡಿಯುವ ನೀರಿನ ಜಾಕ್‌ವೆಲ್, ಅಂದರೆ ಹೊಳೆಯಿಂದ ನೀರು ಎತ್ತುವ ಬಾವಿ, ಇರುವ ಕಡೆ (ದಾವಣಗೆರೆ ನೀರು ಎತ್ತುವ ರಾಜನಹಳ್ಳಿಯೂ ಅಂಥದ್ದೇ) ಅಡ್ಡಗಟ್ಟು ಇರಬಹುದು, ಮರಳು ಚೀಲದ್ದೂ ಇರಬಹುದು. ಮೇಲಿನಿಂದ ಬರುವವರಿಗೆ ಒಡ್ಡು ಕಾಣುವುದಿಲ್ಲ. ಹೊಳೆ ಅಡ್ಡಕ್ಕೆ ದಾರ ಎಳೆದಂತೆ ಒಂದು ನೇರ ಗೆರೆ, ಅದರಾಚೆ ನೀರೇ ಇಲ್ಲದೆ ಗಿಡಗಳ ತುದಿ ಮಾತ್ರ. ಅಷ್ಟು ಕಂಡ ಕೂಡಲೇ ದಡ ಹಿಡಿಯಿರಿ. ಒಂದೆರಡು ಅಡಿಯ ಒಡ್ಡಾದರೂ ಅದರ ಕೆಳಗೆ ನೀರು ಉರುಳಿ ಹಿಂದಕ್ಕೆ ಒಡ್ಡಿನ ಕಡೆಗೇ ಎಳೆಯುತ್ತದೆ. ಬಿದ್ದ ದೋಣಿ, ಮನುಷ್ಯ ಅಲ್ಲೇ ಗಿರಕಿ ಹೊಡೆಯುತ್ತಾರೆ. ಎಂಜಿನ್, ಸಾಮಾನು ಇಳಿಸಿ, ನಾಲ್ಕಿಂಚಿನ ಪಿವಿಸಿ ಪೈಪಿನ ಮೂರು ತುಂಡು ತಳದಡಿ ಉರುಳಿಸಿಕೊಂಡು ದೋಣಿ ದಾಟಿಸಿ. 75 ಕೆ.ಜಿ.ಯನ್ನು ಇಬ್ಬರು ಎತ್ತುವುದು ಬೇಡ, ಉರುಳಿಸುವುದು ಸಲೀಸು.

ಉಳಿದ ಕಡೆ ನೀರೇ ದಾರಿ ಹೇಳುತ್ತದೆ. ತಿರುವಿನ ಹೊರಮೈ ಆಳ, ಒಳಮೈ ಮರಳು. ಬಂಡೆಗಳ ನಡುವೆ ನೀರು ನಾಲಿಗೆಯಂತೆ ನಯವಾಗಿ ಕೆಳಕ್ಕೆ ಚೂಪಾಗಿದ್ದರೆ ಅದೇ ದಾರಿ. ಚೂಪು ನಿಮ್ಮ ಕಡೆಗಿದ್ದರೆ ಅದರ ತುದಿಯಲ್ಲಿ ಕಲ್ಲಿದೆ. ಮರಳು ತೆಗೆದ ಕಡೆ ಮಾತ್ರ ಈ ಲೆಕ್ಕ ನಂಬಬೇಡಿ, ಮೊಣಕಾಲು ನೀರಿನ ಪಕ್ಕದಲ್ಲೇ ಆಳು ಮುಳುಗುವ ಗುಂಡಿ ಇರುತ್ತದೆ. ದೋಣಿ ತಳ್ಳಲು ಇಳಿಯುವಾಗಲೂ ಲೈಫ್ ಜಾಕೆಟ್ ಮೈಮೇಲೇ ಇರಲಿ, 100 ನ್ಯೂಟನ್ನಿನದು (ತೇಲಿಸುವ ಬಲದ ಅಳತೆ). 50ರದ್ದು ಈಜು ಬಲ್ಲವರಿಗೆ.

ಮಾರಿಕಣಿವೆ, ಹಿರಿಯೂರು

ಎಂಜಿನ್ ಬಗ್ಗೆ ಎರಡು ಮಾತು. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತದ್ದು; ಹೆಚ್ಚಿನ ಔಟ್‌ಬೋರ್ಡ್ (ದೋಣಿಯ ಹಿಂದೆ ಸಿಕ್ಕಿಸುವ ಎಂಜಿನ್) ಕೈಪಿಡಿಗಳು ಒಪ್ಪುವುದು 10ರ ತನಕ. ನಿಮ್ಮ ಕೈಪಿಡಿಯಲ್ಲಿ ಏನಿದೆ ನೋಡಿ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಬಹಳ ದಿನ ಬಿಟ್ಟರೆ ನೀರು ಬೇರೆಯಾಗಿ ತಳ ಸೇರುತ್ತದೆ, ಪೈಪ್ ಹೀರುವುದು ತಳದಿಂದಲೇ. ಹೊರಡುವ ದಿನದ ತಾಜಾ ಪೆಟ್ರೋಲ್ ಹಾಕಿ. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಊರಿಗೆ ಬಂದ ಮೇಲೆ, ಕಾರ್ಬ್ಯುರೇಟರ್ ಇರುವ ಎಂಜಿನ್ ಆದರೆ, ಪೆಟ್ರೋಲ್ ಪೈಪ್ ಕಳಚಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಅದನ್ನು ತಣಿಸುವ ನೀರು ಹರಿಯುತ್ತಿರುವಾಗಲೇ.

ಇನ್ನೊಂದು, ಎಂಜಿನ್ ತಣಿಸಿ ಹಿಂಬದಿಯಿಂದ ಚಿಮ್ಮುವ ನೀರಿನ ಎಳೆ. ಮರಳಿನಲ್ಲಿ ಓಡಿಸಿದರೆ ಅದು ಸಣ್ಣಗಾಗುತ್ತದೆ. ಮೊದಲು ತೂತಿಗೆ ತೆಳು ತಂತಿ ಹಾಕಿ ನೋಡಿ. ಆಮೇಲೂ ಸಣ್ಣಗಿದ್ದರೆ ಒಳಗೆ ಆ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಸವೆದಿದೆ. ಮೊಣಕಾಲಿಗಿಂತ ಕಡಿಮೆ ನೀರಿದ್ದರೆ ಎಂಜಿನ್ ಎತ್ತಿ, ಕೋಲು ಹಾಕಿ.

ಹೊಳೆಗೆ ಮುಂಚೆ ಒಂದು ದಿನ ನಿಂತ ನೀರಿನಲ್ಲಿ ಪೂರ್ತಿ ಸಾಮಾನಿನೊಂದಿಗೆ ಓಡಿಸಿ ನೋಡಿ. ನೀರಾವರಿ ಇಲಾಖೆ ಒಪ್ಪಿದರೆ ವಾಣಿವಿಲಾಸ ಸಾಗರ ಒಳ್ಳೆಯ ಜಾಗ. 1933ರ ನಂತರ 2022ರಲ್ಲಿ ತುಂಬಿದ ಮೇಲೆ ನೀರು ಹಳೇ ಅಂಚಿನ ಜಾಲಿ ಮೇಲೆ ನಿಂತಿರಬಹುದು, ಅದಕ್ಕೆ ದಂಡೆ ಹತ್ತಿರ ಮೆಲ್ಲಗೆ. ಕೋಡಿಯ ಕಡೆ ಹೋಗಲೇಬೇಡಿ. ಟ್ಯಾಂಕ್ ಕಂಠಪೂರ್ತಿ ತುಂಬಿ, ಒಂದು ಗಂಟೆ ಅದೇ ಥ್ರಾಟಲ್‌ನಲ್ಲಿ ಓಡಿಸಿ, ಮತ್ತೆ ಕಂಠಪೂರ್ತಿ ತುಂಬಲು ಎಷ್ಟು ಹಿಡಿಯಿತು ಅಂತ ಅಳೆಯಿರಿ. ಹರಿಗೋಲು ಅವರು ಹೇಳಿದ ಎರಡು ಲೀಟರಿನ ಜಾಗಕ್ಕೆ ಆ ಅಂಕಿ ಹಾಕಿ, ಆಮೇಲೆ ಕ್ಯಾನ್ ಎಷ್ಟು ದೊಡ್ಡದು ಬೇಕು ಅಂತ ತೀರ್ಮಾನಿಸಿ.