ಬೆಟ್ಟದ ಗುಡಿ ಗೋಪುರದ ಗಾರೆ ಉದುರ್ತಿದೆ, ಸಿಮೆಂಟು ಮೆತ್ತಬಹುದಾ?

ಮಡಕಶಿರದವ:
ಪೆನುಕೊಂಡೆ ಕಡೆಯ ಬೆಟ್ಟದ ಗುಡಿ. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ-ಗಾರೆಯ ಗೋಪುರ. ಒಂದು ಮಗ್ಗುಲಲ್ಲಿ ಗಾರೆ ಹೊಪ್ಪಳಿಕೆ ಎದ್ದಿದೆ, ಸಂದಿಯಲ್ಲಿ ಅರಳಿ ಗಿಡ. ಎರಡೇ ದಿನದಲ್ಲಿ ಸಿಮೆಂಟು ಮೆತ್ತಿ ಮುಗಿಸ್ತೀನಿ ಅಂತಾರೆ ಮೇಸ್ತ್ರಿ. ಪೆನುಕೊಂಡೆಯ ಹಳೇ ಅರಮನೆ ಗಗನ ಮಹಲಿನ ಹಾಗೆ ಸುಣ್ಣದ ಗಾರೆ ಬೇಕಂದ್ರೆ ಹದ ಹೇಗೆ?

ಕಲ್ಲುಕಟ್ಟಡ:
ಸಿಮೆಂಟು ಬೇಡ ಸ್ವಾಮಿ. ಹಳೇ ಇಟ್ಟಿಗೆ ಮೆತ್ತಗೆ, ನೀರು ಹೀರಿ ಮತ್ತೆ ಹೊರಗೆ ಬಿಡುತ್ತೆ. ಸಿಮೆಂಟಿನಲ್ಲಿ ಕೂದಲೆಳೆ ಬಿರುಕು ಬಿದ್ದರೂ ಒಳಗೆ ಹೋದ ನೀರು ಆರೋದಿಲ್ಲ. ಉಪ್ಪು ಇಟ್ಟಿಗೆಯ ಮೈಯಲ್ಲೇ ಹರಳುಗಟ್ಟಿ ಅದನ್ನು ಪುಡಿ ಮಾಡುತ್ತೆ. ಆಮೇಲೆ ಸಿಮೆಂಟು ಬೀಳುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಬೀಳೋದು. 1565ರ ರಕ್ಕಸ-ತಂಗಡಗಿ ಕದನದ ನಂತರ ಪೆನುಕೊಂಡೆ ವಿಜಯನಗರದ ರಾಜಧಾನಿಯಾಯ್ತು. ಅಲ್ಲಿಯ ಮಹಲಿನ ಕಮಾನು, ಗೋಪುರಗಳ ಮೈಗಿರೋದು ಸುಣ್ಣವೇ.

ಗಾರೆಕೆಲಸ:
ಹದ ಕೇಳಿದಿರಲ್ಲ. ನೀರಿಗೆ ಸುಟ್ಟ ಸುಣ್ಣದ ಹರಳು ಹಾಕಿ, ಹರಳಿನ ಮೇಲೆ ನೀರು ಸುರಿಯಬೇಡಿ, ಕುದ್ದು ಕಣ್ಣಿಗೆ ಸಿಡಿಯುತ್ತೆ. ಕನಿಷ್ಠ 3 ವಾರ ನೀರಿನಡಿ ನೆನೆಯಲಿ, ಆಮೇಲೆ ಸೋಸಿ. ಅವಸರ ಮಾಡಿದರೆ ಅರಳದ ಹರಳು ಗೋಡೆಯ ಮೇಲೆ ಅರಳಿ ಗುಳ್ಳೆ ಏಳುತ್ತೆ. ಒಳಗಾರೆಗೆ 1 ಸುಣ್ಣ, 2 ಮರಳು, 1 ಇಟ್ಟಿಗೆ ಪುಡಿ. ಮೇಲ್ಗಾರೆಗೆ 1 ಸುಣ್ಣ, 1 ನಯ ಮರಳು. ಅಳಲೆಕಾಯಿ-ಬೆಲ್ಲ ನೆನೆಸಿದ ನೀರಲ್ಲಿ ಕಲಸಿ. 10 ಕಿಲೋ ಸುಣ್ಣಕ್ಕೆ ಬೆಲ್ಲ ಅರ್ಧ ಕಿಲೋ ದಾಟಬಾರದು. ಹಳೇ ಗಾರೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದದ್ದನ್ನಷ್ಟೇ ಕೆರೆದು ಗೋಡೆ ಚೆನ್ನಾಗಿ ನೆನೆಸಿ. ಒಂದೊಂದು ಪದರ 10-12 ಮಿಲಿಮೀಟರ್ ಸಾಕು. ಗೋಣಿಚೀಲ ಕಟ್ಟಿ 10 ದಿನ ತೇವ ಆರೋಕೆ ಬಿಡಬೇಡಿ. ಬೇಸಿಗೆಯಲ್ಲಿ ಕೆಲಸ ಹಿಡಿಯಬೇಡಿ, ಬಿಸಿಲಿಗೆ ಬೇಗ ಒಣಗಿದರೆ ಗಟ್ಟಿಯಾಗೋ ಮೊದಲೇ ಸೀಳುತ್ತೆ.

ಮಡಕಶಿರದವ:
ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ನಡೆಯುತ್ತಾ? ಇಲ್ಲಿ ಹೊಳೆ ಮರಳು ಸಿಗ್ತಿಲ್ಲ.

ಗಾರೆಕೆಲಸ:
ನಡೆಯುತ್ತೆ. ಧೂಳು ಹೋಗೋವರೆಗೆ ತೊಳೀರಿ, ಅದು ಉಳಿದರೆ ಬಿರುಕು ಖಾತ್ರಿ.

ಕಲ್ಲುಕಟ್ಟಡ:
ಅರಳಿ ಗಿಡ ಎಳೆದು ಕೀಳಬೇಡಿ, ಇಟ್ಟಿಗೆಯೂ ಬರುತ್ತೆ. ಬುಡ ಕತ್ತರಿಸಿ, ಹಸಿ ಗಾಯಕ್ಕೆ ಕಳೆನಾಶಕ ಬ್ರಷ್‌ನಲ್ಲಿ ಹಚ್ಚಿ, ಬೇರು ಸತ್ತ ಮೇಲೆ ಸಂದಿಗೆ ಸುಣ್ಣ-ಇಟ್ಟಿಗೆ ಪುಡಿಯ ತಿಳಿ ಕಲಸು ತುಂಬಿ. ಇನ್ನೊಂದು: ಗುಡಿ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಪುರಾತತ್ವ ಇಲಾಖೆ ಒಪ್ಪಿಗೆ ಇಲ್ಲದೆ ಕರಣೆ ಮುಟ್ಟಬೇಡಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು.