ದೇವಿಮನೆ ಘಟ್ಟಕ್ಕೆ ಕ್ಯಾರವಾನ್: ಯಾವ ಹಿಚ್ ಹಾಕಿಸಲಿ?

ಶಿರಸಿಯಿಂದ ಪ್ರಶ್ನೆ:
ನಾಲ್ವರು ಮಲಗಬಹುದಾದ ಚಿಕ್ಕ ಕ್ಯಾರವಾನ್ ಕೊಂಡಿದ್ದೇನೆ. ಸಾಮಾನು ಸೇರಿ 1,100 ಕಿಲೋ. ಜೀಪಿಗೆ ಕಟ್ಟಿದರೆ ಹಿಂಭಾಗ ಕುಸಿಯುತ್ತದೆ, ದೀಪದ ಬೆಳಕು ರಸ್ತೆ ಬಿಟ್ಟು ಮರದ ತುದಿಗೆ ಬೀಳುತ್ತದೆ. ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯಬೇಕು. ಜೀಪಿಗೂ ಕ್ಯಾರವಾನಿಗೂ ನಡುವಿನ ಕೊಂಡಿ, ಅಂದರೆ ಹಿಚ್, ಭಾರ ಹಂಚುವಂಥದ್ದೇ ಬೇಕೇ? ಬಳಸಿದವರು ತಿಳಿಸಿ.

ಕಾರವಾರದಿಂದ:
ನನ್ನದು ದೋಣಿಯ ಟ್ರೈಲರ್, 900 ಕಿಲೋ. ಹಿಂದೆ ಹೇರಿದರೆ ಮೂಕಿ ಮೇಲೇಳುತ್ತದೆ ಎಂಬುದು ಎತ್ತಿನ ಗಾಡಿ ಹೊಡೆದ ಅಜ್ಜನಿಗೆ ಗೊತ್ತಿತ್ತು, ಮೊಮ್ಮಗನಿಗೆ ಮರೆತಿತ್ತು. ದೋಣಿಯ ಎಂಜಿನ್ ಹಿಂದೆ, ಮಂಜುಗಡ್ಡೆಯ ಪೆಟ್ಟಿಗೆಯೂ ಹಿಂದೆ. ಅಂಕೋಲಾ ದಾಟಿದ ಮೇಲೆ ಲಾರಿಯೊಂದು ಪಕ್ಕದಲ್ಲಿ ಹಾದದ್ದೇ ತಡ, ಟ್ರೈಲರ್ ಬಾಲ ಬೀಸತೊಡಗಿತು. ಬ್ರೇಕ್ ತುಳಿಯಲಿಲ್ಲ. ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ನೇರ ಹಿಡಿದು ಕುಳಿತೆ, ಅದಾಗಿಯೇ ನಿಂತಿತು. ಮನೆಗೆ ಬಂದು ಟ್ರೈಲರಿನ ಮೂಕಿಯ, ಅಂದರೆ ಗಾಡಿಗೆ ಕಟ್ಟುವ ಮುಂದಿನ ದಂಡದ, ತುದಿಯನ್ನು ಮೈತೂಕದ ಯಂತ್ರದ ಮೇಲಿಟ್ಟರೆ ಬರೀ 35 ಕಿಲೋ! ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಅಲ್ಲಿ ಬೀಳಬೇಕು. ಪೆಟ್ಟಿಗೆಯನ್ನು ಮುಂದೆ ತಂದು 95ಕ್ಕೆ ಏರಿಸಿದೆ. ಭಾರ ಹಂಚುವ ಹಿಚ್ ಕೊಳ್ಳುವ ಯೋಚನೆಯೇ ಬಿದ್ದುಹೋಯಿತು. ನೀವೂ ಮೊದಲು ತೂಗಿ ನೋಡಿ.

ಅಂಕೋಲಾದಿಂದ:
ಜೀಪಿನ ಹಿಂದಿನ ಅಚ್ಚಿನಿಂದಾಚೆ ಹೇರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾವು ಕರಿ ಇಶಾಡು ಮಾವಿನ ನಾಲ್ಕು ಪೆಟ್ಟಿಗೆ ಇಟ್ಟ ದಿನ ಹಿಚ್ಚನ್ನು ಬೈದೆವು. ತಪ್ಪು ಮಾವಿನದು.

ಯಲ್ಲಾಪುರದಿಂದ:
ಆ ಹಿಚ್ ಹಾಕಿಸಿ ಅರಬೈಲ್ ಘಟ್ಟ ಹತ್ತಿ ಇಳಿಯುತ್ತಿರುವವನು ನಾನು. ಮೂಕಿಯ ಎರಡೂ ಬದಿಗೆ ಉದ್ದನೆಯ ಸ್ಪ್ರಿಂಗ್ ಸರಳುಗಳಿರುತ್ತವೆ. ಸರಪಳಿಯಿಂದ ಬಿಗಿದಾಗ ಅವು ಸನ್ನೆಕೋಲಿನಂತೆ ಒತ್ತಿ, ಹಿಂದಿನ ಚಕ್ರದ ಭಾರವನ್ನು ಒಂದಿಷ್ಟು ಮುಂದಿನ ಚಕ್ರಕ್ಕೂ ಟ್ರೈಲರಿನ ಅಚ್ಚಿಗೂ ದಾಟಿಸುತ್ತವೆ. ಬಿಗಿಯುವಾಗ ಟೇಪು ಹಿಡಿದುಕೊಳ್ಳಿ. ನನ್ನ ಜೀಪಿನಲ್ಲಿ ನೆಲದಿಂದ ಮುಂದಿನ ಮಡ್‌ಗಾರ್ಡಿಗೆ 84 ಸೆಂ.ಮೀ., ಟ್ರೈಲರ್ ಕಟ್ಟಿದಾಗ 88. ಸರಳು ಬಿಗಿದು 85ಕ್ಕೆ ತಂದೆ. 84ಕ್ಕಿಂತ ಕೆಳಗೆ ಎಳೆಯಬಾರದು. ಹಿಂದಿನ ಚಕ್ರ ಹಗುರಾದರೆ ಮಳೆಯಲ್ಲಿ ಹಿಡಿತ ತಪ್ಪುತ್ತದೆ.

ಸರಳಿನ ಸಾಮರ್ಥ್ಯವನ್ನು ಮೂಕಿಯ ಭಾರ ನೋಡಿ ಆರಿಸಿ. ಗಟ್ಟಿಯಿದ್ದಷ್ಟೂ ಒಳ್ಳೆಯದೆಂದು ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. ಹೊಂಡ ಬಿದ್ದಲ್ಲೆಲ್ಲ ಬೆನ್ನುಮೂಳೆಗೆ ಏಟು. ಟ್ರೈಲರ್ ಮುಂದೊತ್ತಿದಾಗ ತಾನೇ ಹಿಡಿಯುವ ಬ್ರೇಕ್ ಇದ್ದರೆ, ಎಲ್ಲ ಹಿಚ್ಚೂ ಅದಕ್ಕೆ ಒಗ್ಗುವುದಿಲ್ಲ, ಕೇಳಿಯೇ ಕೊಳ್ಳಿ. ಜೀಪು ಎಳೆಯಬಹುದಾದ ತೂಕವೂ ಹಿಚ್ಚಿನಿಂದ ಹೆಚ್ಚುವುದಿಲ್ಲ. ಓಲಾಟ ತಡೆಯಲು ಉಜ್ಜುವ ಸರಳನ್ನೂ ಸೇರಿಸಿ ಮಾರುತ್ತಾರೆ. ನಮ್ಮ ಆಷಾಢದ ರಸ್ತೆಯಲ್ಲಿ ಅದನ್ನು ಸಡಿಲ ಬಿಡಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಜೀಪು ತಿರುಗದೆ ನೇರ ಜಾರಬಹುದು. ಹಿಂದಕ್ಕೆ ತೆಗೆಯುವಾಗ ಅದನ್ನು ಕಳಚಲೇಬೇಕು. ಕಡಿದಾದ ದಾರಿಯಲ್ಲಿ ಮನೆಯಂಗಳಕ್ಕೆ ಇಳಿಸುವ ಮುನ್ನ ಸ್ಪ್ರಿಂಗ್ ಸರಳನ್ನೂ ಬಿಚ್ಚಿ. ನಾನು ಬಿಚ್ಚದೆ ಇಳಿಸಿ ಒಂದು ಕೊಕ್ಕೆ ಬಗ್ಗಿಸಿಕೊಂಡೆ.

ಮತ್ತೆ ಶಿರಸಿಯಿಂದ:
ಮೈತೂಕದ ಯಂತ್ರ ಸಾಲದೆ ಅಡಿಕೆ ಮೂಟೆ ತೂಗುವುದರ ಮೇಲಿಟ್ಟೆ. 185 ಕಿಲೋ! ಮುಂಭಾಗದ ನೀರಿನ ಟ್ಯಾಂಕ್ ತುಂಬಿತ್ತು. ಖಾಲಿ ಮಾಡಿದೆ, 140ಕ್ಕೆ ಇಳಿಯಿತು. ಜೀಪಿನ ಮೂತಿ ಇನ್ನೂ ಎರಡು ಸೆಂಟಿಮೀಟರ್ ಮೇಲಿದೆ. ನೀರನ್ನು ಕುಮಟಾದಲ್ಲಿಯೇ ತುಂಬಿಸಿಕೊಳ್ಳುತ್ತೇನೆ. ಹಿಚ್ಚಿಗೆ ಹಗುರವಾದ ಸರಳು ಸಿಗುತ್ತದೆಯೇ ಎಂದು ಶನಿವಾರ ಹುಬ್ಬಳ್ಳಿಗೆ ಹೋಗಿ ವಿಚಾರಿಸುವವನಿದ್ದೇನೆ.